ಎಂಬಿಎ ಅರ್ಜಿಗೆ ಕನ್ಸಲ್ಟೆಂಟ್ ಬೇಕಾ? ದುಡ್ಡು ಕಟ್ಟುವ ಮುನ್ನ ಇಷ್ಟು ಮಾಡಿ

ವಿದೇಶದ ಬಿ-ಸ್ಕೂಲ್‌ಗೋ ಹೈದರಾಬಾದಿನ ಐಎಸ್‌ಬಿಗೋ (ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್) ಅರ್ಜಿ ಹಾಕುವ ಯೋಚನೆ ಇದೆ ಅಂತ ಬೆಂಗಳೂರಿನ ಯಾವುದಾದರೂ ಐಟಿ ಆಫೀಸಿನಲ್ಲಿ ಬಾಯಿ ಬಿಟ್ಟು ನೋಡಿ. ‘ಕನ್ಸಲ್ಟೆಂಟ್ ಯಾರು?’ ಅನ್ನುವ ಪ್ರಶ್ನೆ ತಕ್ಷಣ ಬರುತ್ತದೆ. ಅರ್ಜಿ, ಪ್ರಬಂಧ ತಯಾರಿಸಲು ದುಡ್ಡು ತೆಗೆದುಕೊಂಡು ಸಲಹೆ ಕೊಡುವವರಿಗೆ ಈ ಹೆಸರು. ಎಷ್ಟೋ ಜನ ಜಿಮ್ಯಾಟ್ (ಎಂಬಿಎ ಪ್ರವೇಶ ಪರೀಕ್ಷೆ) ಬರೆಯುವ ಮೊದಲೇ, ಯಾವ ಶಾಲೆ ಎಂದು ಗೊತ್ತಾಗುವ ಮೊದಲೇ ಪ್ಯಾಕೇಜಿಗೆ ಅಡ್ವಾನ್ಸ್ ಕಟ್ಟಿ ಬಂದಿರುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕನ್ಸಲ್ಟೆಂಟ್ ಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದದ್ದು ನೀವೇ ಕೂತು ಪ್ರಬಂಧಗಳ ಮೊದಲ ಡ್ರಾಫ್ಟ್ ಬರೆದ ಮೇಲೆ. ಅಲ್ಲಿಯ ತನಕ ನಿಮ್ಮ ಅರ್ಜಿಯಲ್ಲಿ ಏನು ಕೊರತೆ ಇದೆ ಎಂದು ನಿಮಗೇ ಗೊತ್ತಿರುವುದಿಲ್ಲ. ಗೊತ್ತಿಲ್ಲದೆ ಹೋದರೆ ಅವರ ಅಂಗಡಿಯಲ್ಲಿ ಏನಿದೆಯೋ ಅದನ್ನು ಹೊತ್ತುಕೊಂಡು ಬರುತ್ತೀರಿ. ಕೆಳಗಿನ ಹೆಜ್ಜೆಗಳನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ.

1. ಯಾವ ಬಗೆಯ ಅರ್ಜಿ ಎಂದು ನೋಡಿಕೊಳ್ಳಿ

ಕ್ಯಾಟ್ ಬರೆದು ಐಐಎಂಗಳ ಎರಡು ವರ್ಷದ ಕೋರ್ಸಿಗೆ ಹೋಗುವವರು ನೀವಾಗಿದ್ದರೆ ಈ ಲೇಖನವನ್ನು ಮುಂದೆ ಓದಬೇಕಾಗಿಯೇ ಇಲ್ಲ. ಅಲ್ಲಿ ಕ್ಯಾಟ್ ಅಂಕ, ಎಸ್‌ಎಸ್‌ಎಲ್‌ಸಿ, ಪಿಯುಸಿ, ಡಿಗ್ರಿಯ ಅಂಕ, ಕೆಲಸದ ಅನುಭವ, ಆಮೇಲೆ ಸಂದರ್ಶನ, ಇವುಗಳ ಮೇಲೇ ಬಹುಪಾಲು ಲೆಕ್ಕ ನಡೆಯುತ್ತದೆ. ಕೋಚಿಂಗ್ ಬೇಕೆನಿಸಿದರೆ ಸೇರಿಕೊಳ್ಳಿ. ಅರ್ಜಿ ತುಂಬಿಸಲು ಯಾರಿಗೂ ದುಡ್ಡು ಕೊಡಬೇಡಿ.

ಐಎಸ್‌ಬಿ, ಬೆಂಗಳೂರು ಐಐಎಂನ ಇಪಿಜಿಪಿ, ಅಹಮದಾಬಾದಿನ ಪಿಜಿಪಿಎಕ್ಸ್ ಥರದ ಒಂದು ವರ್ಷದ ಕೋರ್ಸುಗಳದ್ದು ನಡುವಿನ ದಾರಿ. ಜಿಮ್ಯಾಟ್ ಅಥವಾ ಜಿಆರ್‌ಇ ಅಂಕದ ಜೊತೆಗೆ ನಿಮ್ಮ ಕೆಲಸದ ವಿವರ, ಸ್ವಲ್ಪ ಬರಹ, ಸಂದರ್ಶನ ಇರುತ್ತದೆ. ಇವಕ್ಕೆ ಹೋಗಿ ಬಂದ ಸೀನಿಯರ್‌ಗಳು ಬೆಂಗಳೂರಿನಲ್ಲಿ ಎಲ್ಲೆಡೆ ಸಿಗುತ್ತಾರೆ. ಒಂದು ಕಾಫಿಯ ಖರ್ಚಿನಲ್ಲಿ ಮುಗಿಯುವ ಕೆಲಸಕ್ಕೆ ಲಕ್ಷ ಕೊಡುವುದು ನನಗೇನೋ ಸರಿ ಕಾಣುವುದಿಲ್ಲ.

ಹಾರ್ವರ್ಡ್, ಸ್ಟ್ಯಾನ್‌ಫರ್ಡ್, ವಾರ್ಟನ್, ಎಂಐಟಿ ಸ್ಲೋನ್, ಇನ್ಸಿಯಾಡ್, ಲಂಡನ್ ಬಿಸಿನೆಸ್ ಸ್ಕೂಲ್ ಇಂಥವುಗಳ ವಿಷಯ ಬೇರೆ. ಅಂಕ ಬಾಗಿಲ ತನಕ ಮಾತ್ರ ಕರೆದೊಯ್ಯುತ್ತದೆ. ಒಳಗೆ ಕರೆಸಿಕೊಳ್ಳುವುದು ಪ್ರಬಂಧ, ರೆಕಮೆಂಡೇಶನ್ (ಬಾಸ್ ಬರೆಯುವ ಶಿಫಾರಸು ಪತ್ರ), ಸಂದರ್ಶನ. ಕನ್ಸಲ್ಟೆಂಟ್ ಬೇಕೇ ಎಂಬ ಪ್ರಶ್ನೆಗೆ ನಿಜವಾದ ಅರ್ಥ ಬರುವುದು ಈ ಗುಂಪಿನ ಶಾಲೆಗಳಿಗೆ ಹೊರಟಾಗ.

2. ‘ಫ್ರೀ’ ಅನ್ನುವವರನ್ನು ಬೇರೆ ಮಾಡಿ

ಜಯನಗರ, ಕೋರಮಂಗಲದಿಂದ ಹಿಡಿದು ಹುಬ್ಬಳ್ಳಿ, ಮಂಗಳೂರಿನ ತನಕ ‘ವಿದೇಶಿ ಶಿಕ್ಷಣ, ಉಚಿತ ಮಾರ್ಗದರ್ಶನ’ ಎಂಬ ಬೋರ್ಡು ನೋಡಿರುತ್ತೀರಿ. ಇವರಲ್ಲಿ ಹೆಚ್ಚಿನವರು ಏಜೆಂಟರು. ನೀವು ಸೇರಿದ ಮೇಲೆ ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ, ಐರ್ಲೆಂಡಿನ ವಿಶ್ವವಿದ್ಯಾಲಯದಿಂದ ಅವರಿಗೆ ಕಮಿಷನ್ ಬರುತ್ತದೆ. ಅದರಲ್ಲಿ ಕಾನೂನುಬಾಹಿರ ಏನೂ ಇಲ್ಲ. ವೀಸಾ ಕಾಗದಪತ್ರದ ವಿಷಯದಲ್ಲಿ ಕೆಲವರು ನಿಜಕ್ಕೂ ಚುರುಕು. ಆದರೆ ಬಾಡಿಗೆ ಮನೆ ತೋರಿಸುವ ಬ್ರೋಕರ್, ತನಗೆ ಬ್ರೋಕರೇಜ್ ಕೊಡದ ಓನರ್ ಮನೆ ಕಡೆ ನಿಮ್ಮನ್ನು ಕರೆದುಕೊಂಡು ಹೋಗುತ್ತಾನೆಯೇ? ಹೆಸರಾಂತ ಬಿ-ಸ್ಕೂಲ್‌ಗಳು ಇಂಥ ಕಮಿಷನ್ ಕೊಡುವುದಿಲ್ಲ. ಹಾಗಾಗಿ ಅವುಗಳ ಹೆಸರೆತ್ತಿದರೆ ‘ನಿಮ್ಮ ಪ್ರೊಫೈಲ್‌ಗೆ ಅದು ಕಷ್ಟ ಸರ್, ಇಲ್ಲಿ ಸ್ಕಾಲರ್‌ಶಿಪ್ ಸಿಗುತ್ತೆ’ ಎಂದು ಮಾತು ಬೇರೆ ಕಡೆ ತಿರುಗುತ್ತದೆ.

ಕೇಳಬೇಕಾದ ಪ್ರಶ್ನೆ ಒಂದೇ: ‘ನಾನು ಸೇರಿದರೆ ಕಾಲೇಜಿನಿಂದ ನಿಮಗೆ ಏನಾದರೂ ಬರುತ್ತಾ?’ ನೇರ ಉತ್ತರ ಬರದಿದ್ದರೆ ಎದ್ದು ಬನ್ನಿ. ಅಮೆರಿಕಕ್ಕೆ ಹೊರಟವರು ಅಲ್ಲಿನ ವಿದೇಶಾಂಗ ಇಲಾಖೆಯ ಎಜುಕೇಶನ್‌ಯುಎಸ್‌ಎ ಸಲಹಾ ಜಾಲವನ್ನೂ ನೋಡಿ. ಅದು ಯಾವ ಕಾಲೇಜಿನ ಪರವೂ ಅಲ್ಲ. ಅರ್ಜಿಯ ಪ್ರಾಥಮಿಕ ಮಾಹಿತಿಗೆ ಅಲ್ಲಿಗೆ ಹೋದರೆ ಸಾಕು.

3. ಅಂಕ ಕೈಗೆ ಬರುವ ತನಕ ಒಪ್ಪಂದ ಬೇಡ

ಜಿಮ್ಯಾಟ್ ಈಗ ಹಳೆಯ ಜಿಮ್ಯಾಟ್ ಅಲ್ಲ. 2024ರ ಫೆಬ್ರವರಿಯಿಂದ ಹೊಸ ರೂಪ ಮಾತ್ರ ಇದೆ: ಕ್ವಾಂಟ್, ವರ್ಬಲ್, ಡೇಟಾ ಇನ್‌ಸೈಟ್ಸ್ ಎಂದು ಮೂರು ಭಾಗ, ಎರಡೂಕಾಲು ಗಂಟೆ, ಅಂಕ 205ರಿಂದ 805ರ ತನಕ. ಸೀನಿಯರ್‌ಗಳು ‘ಏಳುನೂರು ದಾಟಿದರೆ ಸಾಕು’ ಎಂದು ಹೇಳುತ್ತಿದ್ದದ್ದು ಹಳೆಯ ಅಳತೆಯಲ್ಲಿ. ಆ 700 ಈಗಿನ ಅಳತೆಯಲ್ಲಿ 645ರ ಹತ್ತಿರ ಬರುತ್ತದೆ. ಇದು ಗೊತ್ತಿಲ್ಲದೆ 655 ಬಂತೆಂದು ತಲೆ ಮೇಲೆ ಕೈ ಹೊತ್ತು ಕೂತವರನ್ನು ನೋಡಿದ್ದೇನೆ. ಫೋನಿನಲ್ಲಿ ಆ ಆತಂಕವನ್ನೇ ಇನ್ನಷ್ಟು ಊದಿ ಪ್ಯಾಕೇಜ್ ಮಾರುವವರೂ ಇದ್ದಾರೆ.

ಅಂಕ ಐದು ವರ್ಷ ಚಾಲ್ತಿಯಲ್ಲಿರುತ್ತದೆ, ಆದ್ದರಿಂದ ಇದನ್ನು ಮೊದಲು ಮುಗಿಸಿಕೊಂಡರೆ ನಷ್ಟವೇನಿಲ್ಲ. ಅಧಿಕೃತ ವೆಬ್‌ಸೈಟಿನಲ್ಲಿ ಎರಡು ಪೂರ್ಣ ಅಭ್ಯಾಸ ಪರೀಕ್ಷೆ ಪುಕ್ಕಟೆ ಸಿಗುತ್ತವೆ. ಅಂಕ ಬಂದ ಮೇಲೆ, ನಿಮ್ಮ ಶಾಲೆಗಳು ಪ್ರತಿ ವರ್ಷ ಹೊರಡಿಸುವ ಕ್ಲಾಸ್ ಪ್ರೊಫೈಲ್ (ಸೇರಿದವರ ಅಂಕ, ಅನುಭವದ ವಿವರ) ತೆಗೆದು ಪಕ್ಕದಲ್ಲಿಟ್ಟು ನೋಡಿ. ಅಲ್ಲಿನ ನಡು ಅಂಕಕ್ಕಿಂತ ನಿಮ್ಮದು ಬಹಳ ಕೆಳಗಿದ್ದರೆ, ಕನ್ಸಲ್ಟೆಂಟಿಗೆ ಕೊಡುವ ದುಡ್ಡಿನ ಒಂದು ಭಾಗದಲ್ಲಿ ಪರೀಕ್ಷೆಯನ್ನು ಇನ್ನೊಮ್ಮೆ ಬರೆಯಬಹುದು. ಬೆಂಗಳೂರಿನ ಐಟಿ ಎಂಜಿನಿಯರಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಅದೇ ಡಿಗ್ರಿ, ಅದೇ ಥರದ ಕಂಪನಿ, ಅದೇ ನಾಲ್ಕೈದು ವರ್ಷದ ಅನುಭವ ಇರುವ ಅರ್ಜಿಗಳು ರಾಶಿ ಬೀಳುವ ಗುಂಪು ಅದು. ಅಂಕ ಕಡಿಮೆ ಇದ್ದರೆ ಎಷ್ಟು ಒಳ್ಳೆಯ ಪ್ರಬಂಧವೂ ಅದನ್ನು ಮುಚ್ಚಿಹಾಕುವುದು ಕಷ್ಟ.

4. ದುಡ್ಡಿನ ಲೆಕ್ಕ ಸರಿಯಾಗಿ ಹಾಕಿ

ಅಮೆರಿಕದ ಹೆಸರಾಂತ ಕನ್ಸಲ್ಟೆಂಟರು ಒಂದು ಶಾಲೆಯ ಪೂರ್ಣ ಪ್ಯಾಕೇಜಿಗೆ ಸಾಮಾನ್ಯವಾಗಿ ನಾಲ್ಕೈದು ಸಾವಿರ ಡಾಲರಿನ ಆಸುಪಾಸಿನಲ್ಲಿ ತೆಗೆದುಕೊಳ್ಳುತ್ತಾರೆ. ಶಾಲೆಗಳು ಹೆಚ್ಚಿದರೆ ಮೊತ್ತ ಹತ್ತು ಸಾವಿರ ಡಾಲರನ್ನೂ ದಾಟಬಹುದು. ಗಂಟೆ ಲೆಕ್ಕದಲ್ಲಾದರೆ ಗಂಟೆಗೆ ಕೆಲವು ನೂರು ಡಾಲರ್. ಭಾರತದವರ ದರ ಇದಕ್ಕಿಂತ ಕಡಿಮೆ, ಆದರೆ ಒಬ್ಬರಿಂದ ಒಬ್ಬರಿಗೆ ಅಜಗಜಾಂತರ. ಹೇಳಿದ ದರದಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಸೇರಿದೆಯೋ ಇಲ್ಲವೋ ಕೇಳಿಕೊಳ್ಳಿ. ಲಕ್ಷದ ಮೇಲೆ ಹದಿನೆಂಟು ಸಾವಿರ ಸಣ್ಣ ಮೊತ್ತವೇನಲ್ಲ.

ಎಲ್ಲ ಸೇಲ್ಸ್ ಕಾಲ್‌ನಲ್ಲೂ ಒಂದು ವಾದ ಬಂದೇ ಬರುತ್ತದೆ: ‘ಎರಡು ವರ್ಷದ ಎಂಬಿಎಗೆ ಎರಡು ಲಕ್ಷ ಡಾಲರ್ ಖರ್ಚು ಮಾಡುತ್ತೀರಿ, ಅದರ ಮುಂದೆ ಇದು ಯಾವ ಲೆಕ್ಕ?’ ದೊಡ್ಡ ಶಾಲೆಗಳಲ್ಲಿ ಫೀಸು, ಊಟ, ವಸತಿ ಸೇರಿ ಎರಡು ಲಕ್ಷ ಡಾಲರ್ ದಾಟುವುದು ನಿಜ. ಆದರೆ ಆ ದುಡ್ಡು ಸಾಲ, ಸ್ಕಾಲರ್‌ಶಿಪ್ ಮೂಲಕ ಅಡ್ಮಿಷನ್ ಸಿಕ್ಕ ಮೇಲೆ ಬರುವಂಥದ್ದು. ಕನ್ಸಲ್ಟೆಂಟಿನ ಫೀಸು ಅಡ್ಮಿಷನ್ ಸಿಗಲಿ ಬಿಡಲಿ, ಇವತ್ತಿನ ನಿಮ್ಮ ಉಳಿತಾಯದಿಂದ ಹೋಗುತ್ತದೆ. ಅದನ್ನು ಹೋಲಿಸಬೇಕಾದದ್ದು ಅದೇ ಉಳಿತಾಯದಲ್ಲಿ ಮಾಡಬಹುದಾದ ಬೇರೆ ಕೆಲಸಗಳ ಜೊತೆ. ಅಮೆರಿಕದ ದೊಡ್ಡ ಶಾಲೆಗಳ ಅರ್ಜಿ ಶುಲ್ಕವೇ ತಲಾ 250ರಿಂದ 275 ಡಾಲರ್. ಐದು ಶಾಲೆಗೆ ಹಾಕಿದರೆ ಲಕ್ಷ ರೂಪಾಯಿ ದಾಟಿತು. ಅದು ಹೇಗೂ ತಪ್ಪುವ ಖರ್ಚಲ್ಲ. ಕೆಲವು ಶಾಲೆಗಳು ಕಾರಣ ಕೊಟ್ಟು ಕೇಳಿದರೆ ಶುಲ್ಕ ಮನ್ನಾ ಮಾಡುತ್ತವೆ, ನಾಚಿಕೊಳ್ಳದೆ ಕೇಳಿ.

ಮನೆಯವರಿಂದ ಸಾಲ ಪಡೆದು, ಅಮ್ಮನ ಒಡವೆ ಅಡವಿಟ್ಟು ಕನ್ಸಲ್ಟೆಂಟಿಗೆ ಕಟ್ಟುವ ಪರಿಸ್ಥಿತಿ ಇದ್ದರೆ ಬೇಡವೇ ಬೇಡ. ಅಷ್ಟರ ಮಟ್ಟಿಗೆ ಅನಿವಾರ್ಯವಾದ ಸೇವೆ ಇದಲ್ಲ.

5. ಮೊದಲ ಡ್ರಾಫ್ಟ್: ಕನ್ನಡದಲ್ಲಿ ಹೇಳಿ, ಆಮೇಲೆ ಬರೆಯಿರಿ

ಇಡೀ ಕೆಲಸದಲ್ಲಿ ಇದೇ ಮುಖ್ಯ ಹೆಜ್ಜೆ. ಕನ್ನಡ ಮೀಡಿಯಂನಲ್ಲಿ ಓದಿ ಬಂದವರು ಕನ್ಸಲ್ಟೆಂಟಿನ ಬಳಿ ಓಡುವುದು ಹೆಚ್ಚಾಗಿ ಇಂಗ್ಲಿಷಿನ ಅಂಜಿಕೆಯಿಂದ. ಅಡ್ಮಿಷನ್ ಕಮಿಟಿಯವರು ಅಲಂಕಾರದ ಇಂಗ್ಲಿಷ್ ಹುಡುಕುತ್ತಿರುವುದಿಲ್ಲ. ಅವರ ಮುಂದೆ ಸಾವಿರಗಟ್ಟಲೆ ಅರ್ಜಿ ಇರುತ್ತವೆ. ಏನಾಯಿತು, ಆಗ ನೀವು ಏನು ಮಾಡಿದಿರಿ, ಯಾಕೆ ಹಾಗೆ ಮಾಡಿದಿರಿ ಎಂಬುದು ಅವರಿಗೆ ಬೇಕು. ಸರಳ ಇಂಗ್ಲಿಷಿನಲ್ಲಿ ಅದು ಬಂದರೆ ಸಾಕು.

ಹುಬ್ಬಳ್ಳಿ ಕಡೆಯ ಹುಡುಗನೊಬ್ಬ ತನ್ನ ಪ್ರಬಂಧ ಕಳಿಸಿದ್ದ. ನಾಯಕತ್ವದ ಬಗ್ಗೆ ಬರೆಯಬೇಕಿತ್ತು. ಅವನು ಬರೆದದ್ದರ ಸಾರ ಇಷ್ಟು: ‘ಎಂಟು ಜನರ ತಂಡವನ್ನು ಸಮರ್ಥವಾಗಿ ಮುನ್ನಡೆಸಿ, ಕ್ಲಿಷ್ಟ ಸಮಸ್ಯೆಯೊಂದನ್ನು ಸಕಾಲದಲ್ಲಿ ಬಗೆಹರಿಸಿ, ಗ್ರಾಹಕರ ವಿಶ್ವಾಸ ಗಳಿಸಿದೆ.’ ತಪ್ಪಿಲ್ಲ, ಆದರೆ ಅದರಲ್ಲಿ ಮನುಷ್ಯನೂ ಇಲ್ಲ. ಆ ವಾಕ್ಯದ ಕೆಳಗೆ ಯಾರ ಹೆಸರು ಬೇಕಾದರೂ ಬರೆಯಬಹುದು. ಫೋನ್ ಮಾಡಿ, ಇಂಗ್ಲಿಷ್ ಬಿಡಪ್ಪ, ಆವತ್ತು ಏನಾಯ್ತು ಹೇಳು ಎಂದೆ. ಹೇಳಿದ:

‘ರಾತ್ರಿ ಹನ್ನೊಂದಕ್ಕ ಸಿಸ್ಟಮ್‌ನ್ಯಾಗ ಓಡ್ತಿದ್ದ ಜಾಬ್ ಫೇಲ್ ಆತ್ರಿ. ಮ್ಯಾನೇಜರ್ ಫೋನ್ ಎತ್ತವಲ್ರು. ಕ್ಲೈಂಟ್‌ಗ ಹೇಳಬೇಕೋ ಬ್ಯಾಡೋ ಅಂತ ನಮ್ಮನಮ್ಮೊಳಗ ಜಗಳ. ಬೆಳಗಾಗೋದ್ರೊಳಗ ಸರಿ ಮಾಡಿದ್ರ ಯಾರಿಗೂ ಗೊತ್ತಾಗೂದಿಲ್ಲ ಅಂತ ಸೀನಿಯರ್ ಒಬ್ರು. ನಾ ಅಂದೆ, ಮುಚ್ಚಿಟ್ಟು ಆಮ್ಯಾಲ ಸಿಕ್ಕೊಂಡ್ರ ಇನ್ನೊಮ್ಮೆ ನಮ್ಮನ್ನ ನಂಬೂದಿಲ್ಲ, ಈಗ ಹೇಳೂಣು. ನಾನ ಮೇಲ್ ಹಾಕಿದೆ. ಕೈ ನಡುಗ್ತಿತ್ರಿ.’

ಪ್ರಬಂಧ ಇಲ್ಲಿದೆ. ತನಗಿಂತ ಹಿರಿಯರ ಮಾತಿಗೆ ಎದುರಾಗಿ, ಅಧಿಕಾರ ಇಲ್ಲದಿದ್ದರೂ ಒಂದು ತೀರ್ಮಾನ ತೆಗೆದುಕೊಂಡ ಹುಡುಗ ಕಾಣಿಸುತ್ತಾನೆ. ಇದನ್ನು ಇಂಗ್ಲಿಷಿಗೆ ತರುವಾಗ ಅವನಿಗೆ ಬೇಕಾದದ್ದು ಚಿಕ್ಕ ಚಿಕ್ಕ ವಾಕ್ಯ, ಅಷ್ಟೇ. ದುಬಾರಿ ಕನ್ಸಲ್ಟೆಂಟ್ ಮಾಡುವುದೂ ಮುಖ್ಯವಾಗಿ ಇದನ್ನೇ: ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ ಒಳಗಿರುವುದನ್ನು ಹೊರಗೆ ತೆಗೆಸುವುದು.

ಹಾಗಾಗಿ ಹೀಗೆ ಮಾಡಿ. ಕೆಲಸದಲ್ಲಿ, ಮನೆಯಲ್ಲಿ, ಊರಿನಲ್ಲಿ ನೀವು ಒಂದು ತೀರ್ಮಾನ ತೆಗೆದುಕೊಳ್ಳಬೇಕಾಗಿ ಬಂದ ಹತ್ತು ಹನ್ನೆರಡು ಸಂದರ್ಭಗಳನ್ನು ಪಟ್ಟಿ ಮಾಡಿ. ಕೆಟ್ಟು ಹೋದವೂ ಇರಲಿ. ಫೋನಿನಲ್ಲಿ ರೆಕಾರ್ಡರ್ ಹಾಕಿ ಒಂದೊಂದನ್ನೂ ಸ್ನೇಹಿತರಿಗೆ ಹೇಳುವ ಹಾಗೆ ನಿಮ್ಮ ಕನ್ನಡದಲ್ಲಿ ಹೇಳಿ. ಕೇಳುತ್ತಿರುವ ಸ್ನೇಹಿತ ಮೂರೇ ಪ್ರಶ್ನೆ ಕೇಳಲಿ: ಆಗ ನಿನಗೆ ಬೇರೆ ಯಾವ ದಾರಿ ಇತ್ತು? ಇದನ್ನೇ ಯಾಕೆ ಆರಿಸಿದೆ? ಈಗಾದರೆ ಏನು ಮಾಡುತ್ತಿದ್ದೆ? ಒಂದೆರಡು ದಿನ ಬಿಟ್ಟು ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಬರೆಯಿರಿ.

ಆಮೇಲೆ ಶಾಲೆಗಳು ಕೇಳುವ ಪ್ರಬಂಧದ ಪ್ರಶ್ನೆಗಳ ಕಡೆ ನೋಡಿ. ಸ್ಟ್ಯಾನ್‌ಫರ್ಡ್ ಬಹಳ ವರ್ಷಗಳಿಂದ ಕೇಳುತ್ತ ಬಂದಿರುವುದು ‘ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಯಾವುದು, ಯಾಕೆ?’ ಎಂದು. ಹಾರ್ವರ್ಡ್ 2024ರಲ್ಲಿ ತನ್ನ ಹಳೆಯ ಒಂದೇ ದೊಡ್ಡ ಪ್ರಬಂಧವನ್ನು ಬಿಟ್ಟು ವ್ಯವಹಾರ, ನಾಯಕತ್ವ, ಬೆಳವಣಿಗೆ ಎಂದು ಮೂರು ಚಿಕ್ಕ ಪ್ರಬಂಧ ಕೇಳಲು ಶುರು ಮಾಡಿತು. ಎಂಐಟಿ ಸ್ಲೋನ್‌ಗೆ ಪ್ರಬಂಧದ ಬದಲು ಕವರ್ ಲೆಟರ್, ಒಂದು ಪುಟದ ರೆಸ್ಯುಮೆ, ನಿಮ್ಮ ಕಂಪನಿಯಲ್ಲಿ ಯಾರ ಕೆಳಗೆ ಯಾರು ಎಂಬ ನಕ್ಷೆ, ಒಂದು ನಿಮಿಷದ ವಿಡಿಯೋ ಬೇಕು. ವಿಡಿಯೋದಲ್ಲಿ ನಿಮ್ಮ ಬದಲು ಯಾವ ಕನ್ಸಲ್ಟೆಂಟೂ ಕೂರುವುದಿಲ್ಲ. ‘ನಮ್ಮ ಬಳಿ ಹಾರ್ವರ್ಡ್‌ಗೆ ಹೋದವರ ನೂರಾರು ಪ್ರಬಂಧ ಇವೆ’ ಎಂದು ಯಾರಾದರೂ ಆಮಿಷ ತೋರಿಸಿದರೆ, ಅವುಗಳಲ್ಲಿ ಎಷ್ಟು ಹಳೆಯ ಪ್ರಶ್ನೆಗೆ ಬರೆದವು ಎಂದು ಕೇಳಿ ನೋಡಿ.

6. ಮೂವರಿಗೆ ಓದಿಸಿ

ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬರು, ನಿಮ್ಮ ಕೆಲಸ ಬಲ್ಲ ಒಬ್ಬರು, ಎರಡೂ ಗೊತ್ತಿಲ್ಲದ ಒಬ್ಬರು. ಮೊದಲನೆಯವರಿಗೆ ‘ಇದು ನಾನೇ ಅನ್ನಿಸ್ತಾ?’ ಎಂದು ಕೇಳಿ. ಎರಡನೆಯವರಿಗೆ ‘ಇದರಲ್ಲಿ ಉತ್ಪ್ರೇಕ್ಷೆ ಇದೆಯಾ?’ ಎಂದು. ಮೂರನೆಯವರು ಓದಿ ಮುಗಿಸಿ ಪುಟ ಮುಚ್ಚಿಟ್ಟ ಮೇಲೆ ‘ಏನು ನೆನಪಿದೆ?’ ಎಂದು ಕೇಳಿ. ಏನೂ ನೆನಪಿಲ್ಲ ಎಂದರೆ ಅದಕ್ಕಿಂತ ಒಳ್ಳೆಯ ಸಲಹೆ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಅವರು ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡರೆ ಕೊರತೆಯ ಸ್ವರೂಪ ಗೊತ್ತಾಗುತ್ತದೆ. ಕೆಲವರಿಗೆ ಕಥೆ ಇದೆ, ಬರವಣಿಗೆ ಸಡಿಲ. ಅದಕ್ಕೆ ಇಂಗ್ಲಿಷ್ ಚೆನ್ನಾಗಿ ಬಲ್ಲ ಸ್ನೇಹಿತ ಸಾಕು. ಕೆಲವರಿಗೆ ಬರವಣಿಗೆ ಇದೆ, ಎಂಬಿಎ ಯಾಕೆ ಎಂಬುದೇ ಸ್ಪಷ್ಟವಿಲ್ಲ. ಇದಕ್ಕೆ ಮದ್ದು ಆ ಕೆಲಸದಲ್ಲಿ ಈಗಾಗಲೇ ಇರುವ ನಾಲ್ಕಾರು ಜನರ ಜೊತೆ ಮಾತು. ಲಿಂಕ್ಡ್‌ಇನ್‌ನಲ್ಲಿ ಚುಟುಕಾಗಿ ಬರೆದು ಕೇಳಿದರೆ ಹತ್ತರಲ್ಲಿ ಒಂದಿಬ್ಬರಾದರೂ ಉತ್ತರಿಸುತ್ತಾರೆ, ಅದರಲ್ಲೂ ನಮ್ಮ ಕಾಲೇಜು, ನಮ್ಮ ಊರು ಎಂದರೆ ಬೇಗ. ಇನ್ನು ಕೆಲವರಿಗೆ ಎಲ್ಲವೂ ಇದೆ, ಆದರೆ ಎರಡು ತಿಂಗಳಾದರೂ ಕಡತ ತೆರೆದಿಲ್ಲ. ಇವರಿಗೆ ಬೇಕಾದದ್ದು ಬೆನ್ನು ಹತ್ತುವವರು. ಒಂದೇ ರೌಂಡಿಗೆ (ಶಾಲೆಗಳು ಅರ್ಜಿ ತೆಗೆದುಕೊಳ್ಳುವ ಸುತ್ತಿಗೆ) ಹಾಕುತ್ತಿರುವ ಮೂರ್ನಾಲ್ಕು ಜನ ವಾಟ್ಸಾಪ್ ಗುಂಪು ಮಾಡಿಕೊಂಡು ಪ್ರತಿ ಭಾನುವಾರ ಒಬ್ಬರದೊಬ್ಬರು ಓದಿದರೆ ಆ ಕೆಲಸ ಆಗುತ್ತದೆ.

7. ಯಾರಿಗೆ ನಿಜಕ್ಕೂ ಉಪಯೋಗ

ಇಷ್ಟಾದ ಮೇಲೂ ದಾರಿ ಕಾಣದವರು ಇರುತ್ತಾರೆ. ನನ್ನ ಕಣ್ಣಿಗೆ ಕಂಡಂತೆ ದುಡ್ಡು ಕೊಟ್ಟದ್ದು ಸಾರ್ಥಕವಾಗುವುದು ಇಂಥವರಿಗೆ.

ಹೋದ ವರ್ಷ ಅರ್ಜಿ ಹಾಕಿ ಎಲ್ಲ ಕಡೆ ಇಲ್ಲ ಎನಿಸಿಕೊಂಡವರು. ಎಲ್ಲಿ ಎಡವಿತು ಎಂದು ತಮ್ಮ ಅರ್ಜಿಯನ್ನು ತಾವೇ ನೋಡಿ ಹೇಳುವುದು ಬಹಳ ಕಷ್ಟ. ಹಳೆಯ ಅರ್ಜಿಯನ್ನು ಓದಿ ತಪ್ಪು ಹೇಳುವ ಸೇವೆಯನ್ನು ಕೆಲವರು ಬಿಡಿಯಾಗಿ ಕೊಡುತ್ತಾರೆ. ಈ ಕ್ಷೇತ್ರದಲ್ಲಿ ಕೊಟ್ಟ ದುಡ್ಡಿಗೆ ಮೋಸವಿಲ್ಲದ ಸರಕು ಇದೊಂದೇ ಇರಬಹುದು.

ದಾವಣಗೆರೆಯ ರೈಸ್‌ಮಿಲ್ಲೋ, ಚಿಕ್ಕಮಗಳೂರಿನ ಕಾಫಿ ತೋಟವೋ, ಮನೆಯ ವ್ಯವಹಾರದಲ್ಲೇ ಬೆಳೆದವರು. ಇವರ ಅನುಭವ ಐಟಿ ಎಂಜಿನಿಯರಿಗಿಂತ ಎಷ್ಟೋ ಪಾಲು ಸ್ವಾರಸ್ಯವಾಗಿರುತ್ತದೆ. ಆದರೆ ಬಾಸ್ ಎಂದರೆ ಅಪ್ಪ, ಚಿಕ್ಕಪ್ಪ. ರೆಕಮೆಂಡೇಶನ್ ಯಾರಿಂದ ತರುವುದು, ಸಂಬಳದ ಕಾಲಂನಲ್ಲಿ ಏನು ಬರೆಯುವುದು, ರೆಸ್ಯುಮೆಯಲ್ಲಿ ‘ಹುದ್ದೆ’ ಏನೆಂದು ತೋರಿಸುವುದು ಎಂಬ ಪ್ರಶ್ನೆಗಳಿಗೆ ಸುತ್ತಮುತ್ತ ಉತ್ತರ ಸಿಗುವುದಿಲ್ಲ. ಸೇನೆಯಲ್ಲಿರುವವರು, ಡಾಕ್ಟರುಗಳು, ಸರ್ಕಾರಿ ಕೆಲಸದವರು ಕೂಡ ಇದೇ ಸಾಲಿನವರು.

ಡಿಗ್ರಿಯಲ್ಲಿ ಬ್ಯಾಕ್‌ಲಾಗ್, ಲೇಆಫ್, ಕಾಯಿಲೆ, ಎರಡು ವರ್ಷದ ಖಾಲಿ, ಹೀಗೆ ವಿವರಿಸಬೇಕಾದದ್ದು ಇರುವವರು. ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಅನುಭವಿಗಳ ಒಂದೆರಡು ಗಂಟೆ ಉಪಯೋಗಕ್ಕೆ ಬರುತ್ತದೆ.

‘ನನಗೆ ಟೈಮ್ ಇಲ್ಲ’ ಎನ್ನುವವರು ಈ ಪಟ್ಟಿಯಲ್ಲಿ ಇಲ್ಲ. ಕನ್ಸಲ್ಟೆಂಟ್ ಸಮಯ ಉಳಿಸುವುದಿಲ್ಲ; ಒಳ್ಳೆಯವರಾದರೆ ಇನ್ನಷ್ಟು ಬರೆಸುತ್ತಾರೆ. ಡೆಡ್‌ಲೈನಿಗೆ ಮೂರು ವಾರ ಇರುವಾಗ ಹೋದರೆ ನಿಮಗೆ ಸಿಗುವುದು ಅವರ ಟೆಂಪ್ಲೇಟ್. ಅಂಥ ಹೊತ್ತಿನಲ್ಲಿ ಆ ರೌಂಡ್ ಬಿಟ್ಟು ಮುಂದಿನದಕ್ಕೆ ಹೋಗುವುದು ಜಾಣತನ. ಅಮೆರಿಕದ ಶಾಲೆಗಳ ಮೊದಲ ರೌಂಡ್ ಹೆಚ್ಚಾಗಿ ಸೆಪ್ಟೆಂಬರಿನಲ್ಲಿ, ಎರಡನೆಯದು ಜನವರಿಯ ಮೊದಲ ವಾರಗಳಲ್ಲಿ. ಅವಸರದ ಸೆಪ್ಟೆಂಬರ್ ಅರ್ಜಿಗಿಂತ ಹದವಾದ ಜನವರಿ ಅರ್ಜಿ ಮೇಲು.

8. ಗೆರೆ ಎಲ್ಲಿದೆ ಎಂದು ತಿಳಿದಿರಲಿ

ಬೇರೆಯವರಿಂದ ಎಷ್ಟು ಸಹಾಯ ಪಡೆಯಬಹುದು ಎಂಬುದನ್ನು ಸ್ಟ್ಯಾನ್‌ಫರ್ಡ್ ತನ್ನ ಅರ್ಜಿದಾರರಿಗೆ ಬಿಡಿಸಿ ಹೇಳುತ್ತದೆ. ನೀವು ಬರೆದು ಮುಗಿಸಿದ್ದನ್ನು ಇನ್ನೊಬ್ಬರು ಓದಿ ಅನಿಸಿಕೆ ಹೇಳುವುದು ಸರಿ. ಅವರ ಬಣ್ಣ ನಿಮ್ಮ ಅರ್ಜಿಗೆ ಹತ್ತಿದರೆ ಅದು ಮಿತಿ ಮೀರಿದ್ದು. ಬೇರೆಯವರಿಂದ ಬರೆಸಿದ್ದು ತಿಳಿದರೆ ಅರ್ಜಿ ತಿರಸ್ಕಾರ, ಕೊಟ್ಟ ಸೀಟೂ ವಾಪಸ್. ನಕಲು ಹಿಡಿಯುವ ಸಾಫ್ಟ್‌ವೇರ್ ಬಂದು ಕಾಲವಾಯಿತು. 2012ರಲ್ಲೇ ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ಆಂಡರ್ಸನ್ ಸ್ಕೂಲ್ ಐವತ್ತಕ್ಕೂ ಹೆಚ್ಚು ಅರ್ಜಿಗಳನ್ನು ಪ್ರಬಂಧದಲ್ಲಿ ನಕಲು ಇದೆ ಎಂದು ತಳ್ಳಿಹಾಕಿತ್ತು. ಸೀಟು ಸಿಕ್ಕ ಮೇಲೂ ಹಲವು ಶಾಲೆಗಳು ಹೊರಗಿನ ಸಂಸ್ಥೆಯಿಂದ ನಿಮ್ಮ ಕೆಲಸ, ಸಂಬಳ, ಅಂಕಪಟ್ಟಿ, ರೆಕಮೆಂಡೇಶನ್ ಎಲ್ಲವನ್ನೂ ಪರಿಶೀಲಿಸುತ್ತವೆ.

ನಮ್ಮಲ್ಲಿ ಈ ಗೆರೆ ಹೆಚ್ಚು ಅಳಿಸಿಹೋಗುವುದು ರೆಕಮೆಂಡೇಶನ್‌ನಲ್ಲಿ. ಮ್ಯಾನೇಜರ್ ಹತ್ತಿರ ಹೋದರೆ ಪಕ್ಕಾ ಬೆಂಗಳೂರಿನ ಉತ್ತರ ಸಿಗುತ್ತದೆ: ‘ನೀನೇ ಬರ್ಕೊಂಡ್ ಬಾರಪ್ಪ, ನಾನು ಅಪ್‌ಲೋಡ್ ಮಾಡ್ತೀನಿ.’ ಪಾಪ, ಅವರ ಮನಸ್ಸಿನಲ್ಲಿ ಕೆಟ್ಟದ್ದೇನಿಲ್ಲ, ಉಪಕಾರ ಮಾಡುತ್ತಿದ್ದೇನೆ ಎಂದೇ ಭಾವಿಸಿರುತ್ತಾರೆ. ಆ ಕಾಗದವನ್ನು ಕನ್ಸಲ್ಟೆಂಟ್ ಬರೆದುಕೊಟ್ಟರೆ ನಿಮ್ಮ ಪ್ರಬಂಧ, ಮ್ಯಾನೇಜರ್ ಪತ್ರ, ಇನ್ನೊಬ್ಬ ಬಾಸ್ ಪತ್ರ ಮೂರೂ ಒಂದೇ ಕೈಯಿಂದ ಬಂದವು ಎಂದು ಓದುವವರಿಗೆ ಗೊತ್ತಾಗಿಬಿಡುತ್ತದೆ.

ಮಾಡಬೇಕಾದದ್ದು ಇಷ್ಟು. ‘ಸರ್, ಬರೆಯೋದು ನೀವೇ ಆಗಬೇಕು, ಅದು ಅವರ ನಿಯಮ. ನಿಮ್ಮ ಕೆಲಸ ಹಗುರ ಮಾಡೋಕೆ ನಾನು ಒಂದು ಪುಟ ತಂದಿದ್ದೀನಿ’ ಎನ್ನಿ. ಆ ಪುಟದಲ್ಲಿ ನೀವಿಬ್ಬರೂ ಜೊತೆಯಲ್ಲಿ ಮಾಡಿದ ಕೆಲಸಗಳು, ತಿಂಗಳು, ಫಲಿತಾಂಶ ಮಾತ್ರ ಇರಲಿ, ಹೊಗಳಿಕೆ ಬೇಡ. ಕೇಳುವ ಪ್ರಶ್ನೆಗಳು ಬಹಳಷ್ಟು ಶಾಲೆಗಳಲ್ಲಿ ಒಂದೇ ಥರ: ನಿಮ್ಮ ಸರೀಕರ ಜೊತೆ ಹೋಲಿಸಿದರೆ ನೀವು ಹೇಗೆ, ತಿದ್ದಿಕೊಳ್ಳಲು ಹೇಳಿದ ಮುಖ್ಯ ಮಾತು ಯಾವುದು, ಅದಕ್ಕೆ ನೀವು ಹೇಗೆ ಸ್ಪಂದಿಸಿದಿರಿ. ಎರಡನೆಯ ಪ್ರಶ್ನೆಗೆ ನಮ್ಮ ಮ್ಯಾನೇಜರುಗಳು ‘ಇವನು ತುಂಬಾ ಕಷ್ಟಪಡುತ್ತಾನೆ, ಅದೇ ದೌರ್ಬಲ್ಯ’ ಎಂದು ಬರೆದುಬಿಡುತ್ತಾರೆ. ಹಾಗೆ ಬರೆದರೆ ಪತ್ರಕ್ಕೆ ಬೆಲೆ ಇರುವುದಿಲ್ಲ ಎಂದು ಮೊದಲೇ ವಿನಯದಿಂದ ಹೇಳಿ. ಪತ್ರ ಅಪ್‌ಲೋಡ್ ಮಾಡುವ ಲಿಂಕ್ ಅವರ ಆಫೀಸಿನ ಈಮೇಲ್‌ಗೆ ಬರಲಿ, ಜಿಮೇಲ್‌ಗೆ ಬೇಡ.

9. ಮಾತುಕತೆಗೆ ಕೂತಾಗ

ಹೆಚ್ಚಿನ ಕನ್ಸಲ್ಟೆಂಟರು ಮೊದಲ ಅರ್ಧ ಗಂಟೆ ಪುಕ್ಕಟೆ ಮಾತಾಡುತ್ತಾರೆ. ಇಬ್ಬರು ಮೂವರ ಜೊತೆ ಮಾತಾಡಿ. ನಿಮ್ಮ ಡ್ರಾಫ್ಟ್ ಕೈಯಲ್ಲಿರಲಿ. ಅದನ್ನು ಓದಿ ಅವರು ಪ್ರಶ್ನೆ ಕೇಳುತ್ತಾರೋ ಅಥವಾ ಪ್ಯಾಕೇಜಿನ ಹೆಸರು ಹೇಳುತ್ತಾರೋ ಗಮನಿಸಿ.

‘ಸಕ್ಸಸ್ ರೇಟ್’ ಎಂದರೆ ಏನು ಎಂದು ಕೇಳಿ. ಹಾಕಿದ ಐದರಲ್ಲಿ ಒಂದು ಕಡೆ ಸಿಕ್ಕರೂ ಗೆಲುವೇ? ಆ ಒಂದು ಕಡೆ ಕೊನೆಯ ಆಯ್ಕೆಯ ಶಾಲೆಯಾಗಿದ್ದರೆ? ಅರ್ಧದಲ್ಲಿ ಬಿಟ್ಟವರು ಲೆಕ್ಕಕ್ಕೆ ಬರುತ್ತಾರೆಯೇ? ಅಲ್ಲದೆ ಗಟ್ಟಿ ಪ್ರೊಫೈಲ್ ಇರುವವರನ್ನೇ ಆರಿಸಿ ತೆಗೆದುಕೊಂಡರೆ ಫಲಿತಾಂಶ ತಾನಾಗಿ ಚೆನ್ನಾಗಿರುತ್ತದೆ. ಅಡ್ಮಿಷನ್ ಗ್ಯಾರಂಟಿ ಎಂದರೆ ಅಲ್ಲಿಗೆ ಮಾತು ಮುಗಿಸಿ.

ಸಹಿ ಹಾಕುವ ಮುನ್ನ: ಫೋನಿನಲ್ಲಿ ಮಾತಾಡಿದ ಹಿರಿಯರೇ ಓದುತ್ತಾರೋ, ಕೆಳಗಿನ ಹುಡುಗರಿಗೆ ದಾಟಿಸುತ್ತಾರೋ? ಇದೇ ರೌಂಡಿನಲ್ಲಿ ಇದೇ ಶಾಲೆಗೆ ಅವರ ಬಳಿ ಎಷ್ಟು ಜನ ಇದ್ದಾರೆ? ಒಂದು ಪ್ರಬಂಧವನ್ನು ಎಷ್ಟು ಸಲ ಓದುತ್ತಾರೆ, ಎಷ್ಟು ದಿನದಲ್ಲಿ ತಿರುಗಿಸಿ ಕೊಡುತ್ತಾರೆ? ನಡುವೆ ಬಿಟ್ಟರೆ ಎಷ್ಟು ವಾಪಸ್? ನಿಮ್ಮ ಪ್ರಬಂಧವನ್ನು ಮುಂದಿನ ವರ್ಷ ಬೇರೆಯವರಿಗೆ ಮಾದರಿಯಾಗಿ ತೋರಿಸುವುದಿಲ್ಲ ಎಂದು ಬರೆದುಕೊಡುತ್ತಾರಾ? ಎಲ್ಲಕ್ಕೂ ಉತ್ತರ ಈಮೇಲ್‌ನಲ್ಲಿ ತರಿಸಿಕೊಳ್ಳಿ. ಎಐಜಿಎಸಿ ಎಂಬ ಅಂತಾರಾಷ್ಟ್ರೀಯ ಅಡ್ಮಿಷನ್ ಕನ್ಸಲ್ಟೆಂಟರ ಸಂಘ ಇದೆ. ಅರ್ಜಿದಾರರ ಪರವಾಗಿ ಪ್ರಬಂಧ ಬರೆಯಬಾರದು, ಶಾಲೆಗಳಿಂದ ದುಡ್ಡು ತೆಗೆದುಕೊಳ್ಳಬಾರದು ಎಂಬುದು ಅದರ ಸದಸ್ಯರಿಗೆ ಇರುವ ಕಟ್ಟುಪಾಡು. ಸದಸ್ಯರಾಗಿದ್ದರೆ ಒಳ್ಳೆಯದು. ಸದಸ್ಯರಲ್ಲದ ಒಳ್ಳೆಯವರೂ ಇದ್ದಾರೆ.

ಅರ್ಜಿಯ ಲಾಗಿನ್, ಪಾಸ್‌ವರ್ಡ್ ಯಾರಿಗೂ ಕೊಡಬೇಡಿ. ‘ನಾವೇ ಸಬ್ಮಿಟ್ ಮಾಡ್ತೀವಿ ಸರ್’ ಎಂದರೂ ಬೇಡ. ಇದು ನನ್ನ ಸ್ವಂತ ಬರಹ ಎಂಬ ಪ್ರಮಾಣದ ಕೆಳಗೆ ಇರುವುದು ನಿಮ್ಮ ಹೆಸರು.

10. ಪ್ಯಾಕೇಜಿಗಿಂತ ಗಂಟೆ

ಬೇಕು ಎಂದು ತೀರ್ಮಾನಿಸಿದರೂ ಇಡೀ ಪ್ಯಾಕೇಜಿಗೆ ಕೈ ಹಾಕಬೇಡಿ. ಮೊದಲಿಗೆ ಮೂರ್ನಾಲ್ಕು ಗಂಟೆ ಕೊಂಡು ನೋಡಿ. ಶಾಲೆಗಳ ಪಟ್ಟಿಯ ಮೇಲೆ ಒಂದು ಗಂಟೆ, ನಿಮಗೆ ಅತಿ ಕಷ್ಟವೆನಿಸಿದ ಪ್ರಬಂಧದ ಮೇಲೆ ಎರಡು ಗಂಟೆ. ಆ ಪ್ರಬಂಧದಲ್ಲಿ ಕಲಿತದ್ದನ್ನು ಉಳಿದವಕ್ಕೆ ನೀವೇ ಹಚ್ಚಬಹುದು. ಆಗಲೂ ಸಾಲದು ಎನಿಸಿದರೆ ಪ್ಯಾಕೇಜ್ ಇದ್ದೇ ಇದೆ. ಗಂಟೆಗೆ ಕೊಟ್ಟದ್ದನ್ನು ಅದರಲ್ಲಿ ವಜಾ ಮಾಡ್ತೀರಾ ಎಂದು ಕೇಳಿ, ಕೆಲವರು ಒಪ್ಪುತ್ತಾರೆ.

ಒಂದು ಗಂಟೆ ಸಂದರ್ಶನಕ್ಕೆ ಉಳಿಸಿಕೊಳ್ಳಿ, ಆದರೆ ಕರೆ ಬಂದ ಮೇಲೆ. ಹಾರ್ವರ್ಡಿನವರು ನಿಮ್ಮ ಇಡೀ ಅರ್ಜಿ ಓದಿಕೊಂಡೇ ಬಂದಿರುತ್ತಾರೆ, ಪ್ರತಿ ಸಾಲಿನ ಮೇಲೂ ಪ್ರಶ್ನೆ ಬರಬಹುದು. ಇಂಥದ್ದಕ್ಕೆ ಪರಿಚಯವಿಲ್ಲದವರ ಜೊತೆ ಮಾಕ್ (ಅಣಕು ಸಂದರ್ಶನ) ಮಾಡಿದರೆ ಲಾಭ, ಏಕೆಂದರೆ ಸ್ನೇಹಿತರು ಅರ್ಧದಲ್ಲಿ ನಕ್ಕುಬಿಡುತ್ತಾರೆ. ಇನ್ಸಿಯಾಡ್‌ನಲ್ಲಿ ಸಾಮಾನ್ಯವಾಗಿ ಹಳೆಯ ವಿದ್ಯಾರ್ಥಿಗಳೇ ಮಾತಾಡಿಸುತ್ತಾರೆ. ಅಲ್ಲಿ ಓದಿ ಬಂದ ಯಾರಾದರೂ ಅರ್ಧ ಗಂಟೆ ಕೊಟ್ಟರೆ ಕನ್ಸಲ್ಟೆಂಟಿಗಿಂತ ವಾಸಿ. ವಾರ್ಟನ್‌ನದ್ದು ಗುಂಪು ಚರ್ಚೆ. ಐದಾರು ಅರ್ಜಿದಾರರನ್ನು ಒಟ್ಟಿಗೆ ಕೂರಿಸಿ ಒಂದು ವಿಷಯ ಕೊಟ್ಟು ಮಾತಾಡಿಸುತ್ತಾರೆ. ಇದರ ಮಾಕ್ ಮಾರುವವರಿದ್ದಾರೆ, ಕೊಳ್ಳಬೇಕಾಗಿಲ್ಲ. ಕರೆ ಬಂದ ಇತರರು ಆನ್‌ಲೈನ್ ಗುಂಪುಗಳಲ್ಲಿ ಸಿಗುತ್ತಾರೆ. ಆರು ಜನ ಸೇರಿಸಿ, ಯಾರಾದರೊಬ್ಬರು ಗಡಿಯಾರ ಹಿಡಿಯಲಿ, ರೆಕಾರ್ಡ್ ಮಾಡಿ, ಆಮೇಲೆ ನೋಡಿ. ನೀವು ಎಷ್ಟು ಹೊತ್ತು ಮಾತಾಡಿದಿರಿ, ಬೇರೆಯವರ ಮಾತನ್ನು ಎಷ್ಟು ಸಲ ಕತ್ತರಿಸಿದಿರಿ ಎಂಬುದನ್ನು ಆ ರೆಕಾರ್ಡಿಂಗೇ ಹೇಳುತ್ತದೆ.